ಮೂಗಿಗೆ ಒಪ್ಪಿದ ಲೋಟ

"ಗುರುಗಳೇ, ಕಾಲಿಟ್ಟ ಮಠದಲ್ಲೆಲ್ಲ ನನಗೆ ಏನಾದರೊಂದು ಒಗ್ಗುವುದಿಲ್ಲ. ಮನಸ್ಸು ಕಸಿವಿಸಿಗೊಳ್ಳದ ಮಠ ಯಾವ ಊರಿನಲ್ಲಿದೆ?" ಎಂದು ಶಿಷ್ಯ ಕೇಳಿದ. ಅವನು ಬಂದು ವಾರವೂ ಆಗಿರಲಿಲ್ಲ. ಬಟ್ಟೆಯ ಗಂಟು ಆಗಲೇ ಕಂಕುಳಲ್ಲಿತ್ತು.

"ಹಿಂದಿನ ಮಠದಲ್ಲಿ ಏನು ಒಗ್ಗಲಿಲ್ಲ?"

"ಸಾರು ಬರೀ ನೀರು. ಅದಕ್ಕೂ ಹಿಂದಿನದರಲ್ಲಿ ಬೆಳಕು ಹರಿಯುವ ಮೊದಲೇ ಗಂಟೆ ಬಾರಿಸುತ್ತಿದ್ದರು."

"ಇಲ್ಲಿ?"

ಶಿಷ್ಯ ತಲೆ ತಗ್ಗಿಸಿದ. "ತಾವು ಗೊರಕೆ ಹೊಡೆಯುತ್ತೀರಿ."

"ಹೊಡೆಯುತ್ತೇನೆ," ಎಂದರು ಗುರುಗಳು. "ಕೂತುಕೋ. ಹೇಗೂ ಹೊರಟಿದ್ದೀಯ, ಒಂದು ಕತೆ ಕೇಳಿಕೊಂಡು ಹೋಗು."

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಬಂಡವಾಳವೆಲ್ಲ ಮೂಗಿನಲ್ಲಿತ್ತು. ಅಚ್ಚು ಬೆಲ್ಲವನ್ನು ಮೂಸಿ, ಕಬ್ಬು ಯಾವ ಗದ್ದೆಯದು, ಪಾಕ ಎಷ್ಟು ಹೆಚ್ಚಿಗೆ ಕುದಿಯಿತು ಎಂದು ಹೇಳಿಬಿಡುತ್ತಿದ್ದ. ಜನ ಹೌದು ಹೌದು ಎನ್ನುತ್ತಿದ್ದರು. ಅದನ್ನು ಕೇಳಿ ಕೇಳಿ ಅವನ ಮೂಗು ಕೊಂಚ ಮೇಲಕ್ಕೇ ತಿರುಗಿತ್ತು.

ಒಂದು ಬೆಳಿಗ್ಗೆ ಅವನು ಯಾವುದೋ ಬೆಲ್ಲದ ಗುಣವನ್ನು ಹೆಂಡತಿಗೆ ಬಣ್ಣಿಸುವ ಉಮೇದಿನಲ್ಲಿ ಕೈ ಬೀಸಿದ. ಕಷಾಯದ ಲೋಟಗಳೆರಡೂ ಕೆಳಗೆ ಬಿದ್ದು ಚೂರಾದವು. ಆಕೆ ತವರಿನಿಂದ ತಂದಿದ್ದ ಮಣ್ಣಿನ ಲೋಟಗಳು ಅವು.

ಆಕೆ ಬೈಯಲಿಲ್ಲ. ಮರುದಿನ ಹಬೆಯಾಡುವ ಕಷಾಯದ ಪಾತ್ರೆಯನ್ನು ಹಿಡಿದುಕೊಂಡು ಬಂದಳು.

"ಬೊಗಸೆ ಒಡ್ಡಿ," ಎಂದಳು.

"ಹಿತ್ತಾಳೆ ಲೋಟ ಇದೆಯಲ್ಲೇ?"

"ಅದು ನೆಂಟರಿಗೆ. ನನಗೆ ಮಣ್ಣಿನ ಲೋಟ ತಂದುಕೊಡೋವರೆಗೂ ನಿಮಗೆ ಬೊಗಸೆನೇ."

ಕಷಾಯವಿಲ್ಲದೆ ವ್ಯಾಪಾರಿಯ ತಲೆ ಸಿಡಿಯತೊಡಗಿತು. ಪುಣ್ಯಕ್ಕೆ ಆ ವಾರವೇ ಸೀಮೆಯ ಕುಂಬಾರರೆಲ್ಲ ಸೇರುವ ಸಂತೆಯಿತ್ತು. ನಸುಕಿಗೇ ಹೊರಟ.

ಸಂತೆಯಲ್ಲಿ ಲೋಟಗಳಿಗೆ ಬರವಿರಲಿಲ್ಲ. ಹಿಡಿಯಿದ್ದವು, ಹಿಡಿಯಿಲ್ಲದವು, ಕೆಂಪಿನವು, ಕಪ್ಪಿನವು. ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು, ನಾದ ಕೇಳಿ ಕೊಳ್ಳುತ್ತಿದ್ದರು. ವ್ಯಾಪಾರಿ ಬಡಿಯಲಿಲ್ಲ. ಪ್ರತಿ ಲೋಟಕ್ಕೂ ನೀರು ಹುಯ್ಯಿಸಿ, ಒಳಗೆ ಮೂಗು ಇಳಿಸಿ, ಉಸಿರೆಳೆದು, ತಲೆಯಾಡಿಸಿ ಕೆಳಗಿಡುತ್ತಿದ್ದ.

"ಮಣ್ಣಿನ ವಾಸನೆ."

"ಮಣ್ಣಿನ ಲೋಟದಲ್ಲಿ ಮಲ್ಲಿಗೆ ವಾಸನೆ ಬರ್ತದಾ, ಸಾವ್ಕಾರ್ರೇ?" ಎಂದು ಒಬ್ಬ ಕುಂಬಾರ ಕೇಳಿದ. ಸುತ್ತಲಿದ್ದವರು ನಕ್ಕರು.

ವ್ಯಾಪಾರಿ ಒದ್ದೆಯಾಗಿದ್ದ ಮೂಗಿನ ತುದಿಯನ್ನು ಒರೆಸಿಕೊಂಡು ಮುಂದಿನ ಅಂಗಡಿಗೆ ಹೋದ. ಮನೆಯಲ್ಲಿದ್ದ ಹಳೆಯ ಲೋಟಗಳಿಗೆ ಎಂದಾದರೂ ಈ ವಾಸನೆಯಿತ್ತೇ? ಇರಲಿಲ್ಲ. ಅಂದಮೇಲೆ ಇವರೆಲ್ಲ ಕೆಟ್ಟ ಮಣ್ಣು ತಂದಿದ್ದಾರೆ. ಅವನ ಮೂಗಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ.

ಹೊತ್ತು ಇಳಿಯಿತು. ಕುಂಬಾರರು ಗಾಡಿಗಳಲ್ಲಿ ಹುಲ್ಲು ಹಾಸಿ, ಮಿಕ್ಕ ಮಡಕೆಗಳನ್ನು ಏರಿಸತೊಡಗಿದರು. ನಾಳೆಯೂ ಬೊಗಸೆಯೇ ಎಂದು ನೆನೆದಾಗ ವ್ಯಾಪಾರಿಯ ತಲೆ ಇನ್ನಷ್ಟು ಸಿಡಿಯಿತು. ಕೊನೆಯ ಅಂಗಡಿಯಲ್ಲಿ ಒಬ್ಬ ಹೆಂಗಸಿದ್ದಳು. ಅವಳು ತೋರಿಸಿದ ಲೋಟಗಳಲ್ಲೂ ಅದೇ ವಾಸನೆ. ಹೊರಡಲು ತಿರುಗಿದಾಗ ಚಾಪೆಯ ಮೂಲೆಯಲ್ಲಿ ಒಂಟಿಯಾಗಿ ಕೂತಿದ್ದ ಲೋಟವೊಂದು ಕಂಡಿತು. ಎತ್ತಿ ಮೂಸಿದ. ಮಣ್ಣಿನ ಸುಳಿವೇ ಇಲ್ಲ.

"ಇದು! ಇದನ್ನು ಕೊಡಮ್ಮ."

"ಅಯ್ಯೋ, ಅದು ನಮ್ಮ ಮಾವ ಕುಡಿಯೋ ಲೋಟ. ಮಾರೋದಲ್ಲ."

"ಸಿಕ್ಕಿಬಿದ್ದಿರಿ ನೋಡಿ! ಒಳ್ಳೇ ಮಣ್ಣು ನಿಮಗೆ, ನಾತದ ಮಣ್ಣು ಸಂತೆಗೆ!"

ಗಾಡಿಯ ನೆರಳಲ್ಲಿ ಮಲಗಿದ್ದ ಮಾವ ಒಂದು ಕಣ್ಣು ತೆರೆದ. "ಎಲ್ಲಾ ಒಂದೇ ಕೆರೆ ಮಣ್ಣು, ಸ್ವಾಮಿ. ಅದೂ ಮೊದಮೊದಲು ಹಂಗೇ ನಾರ್ತಿತ್ತು. ಕುಡೀತಾ ಕುಡೀತಾ ಹೋಯ್ತು."

ವ್ಯಾಪಾರಿ ಒಳಗೊಳಗೇ ನಕ್ಕ. ಗುಟ್ಟು ಬಿಟ್ಟುಕೊಡಲು ಮುದುಕನಿಗೆ ಮನಸ್ಸಿಲ್ಲ ಎಂದುಕೊಂಡ. ಕಾಡಿ ಬೇಡಿ, ಹೊಸದಕ್ಕಿಂತ ಹೆಚ್ಚಿನ ಬೆಲೆ ಕೊಟ್ಟು ಅದನ್ನೇ ಕೊಂಡ. ಮುದುಕ ರಾಶಿಯಿಂದ ಹೊಸ ಲೋಟವೊಂದನ್ನು ಎಳೆದುಕೊಂಡು, ನೀರು ತುಂಬಿ, ಮುಖ ಸಿಂಡರಿಸಿ ಕುಡಿದ. ಮತ್ತೆ ಮಲಗಿದ.

ವ್ಯಾಪಾರಿ ಮನೆಗೆ ಬಂದವನೇ ಲೋಟವನ್ನು ಹೆಂಡತಿಯ ಕೈಗಿತ್ತ. "ಮೂಸಿ ನೋಡು!"

ಆಕೆ ತಿರುಗಿಸಿ ನೋಡಿದಳು. ಅಂಚು ಮುಕ್ಕಾಗಿತ್ತು. ಒಳಗೆಲ್ಲ ಕರೆ ಕಟ್ಟಿತ್ತು. ಮೂಸಿದಳು.

"ನಿಜ. ಮಣ್ಣಿನ ವಾಸನೆ ಇಲ್ಲ," ಎಂದಳು. "ಯಾರದೋ ಬಾಯಿ ವಾಸನೆ ಇದೆ."

ಲೋಟವನ್ನು ಎರಡೇ ಬೆರಳಲ್ಲಿ ಹಿಡಿದು ಹಿತ್ತಿಲಿಗೆ ಹಾಕಿದಳು. ಕೈ ತೊಳೆದಳು. ಕಷಾಯದ ಪಾತ್ರೆ ತಂದಳು.

"ಬೊಗಸೆ ಒಡ್ಡಿ."

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಾಗ ಜಾರಿದ ಗಂಟನ್ನು ಮತ್ತೆ ಕಂಕುಳಿಗೆ ಏರಿಸಿಕೊಂಡ. "ಎಂಥ ಪೆದ್ದ, ಗುರುಗಳೇ! ಹೊಸ ಲೋಟ ಒಯ್ದು ನಾಲ್ಕು ದಿನ ಕುಡಿದಿದ್ದರೆ ಮುಗಿದುಹೋಗುತ್ತಿತ್ತು."

"ಮುಗಿದುಹೋಗುತ್ತಿತ್ತು," ಎಂದರು ಗುರುಗಳು. "ಅದಿರಲಿ, ಆ ಗಂಟನ್ನು ಯಾವ ಮಠದಲ್ಲಾದರೂ ಬಿಚ್ಚಿದ್ದೆಯೇನಪ್ಪ?"

ಶಿಷ್ಯ ಕಂಕುಳಲ್ಲಿದ್ದ ಗಂಟನ್ನು ಬಗ್ಗಿ ನೋಡಿಕೊಂಡ.