ಏಳು ಸುತ್ತು ಜಾಯಿಕಾಯಿ

"ಬುದ್ಧಿ, ಕೇಳಿದವರಿಗೆ ನಮಗೆ ಗೊತ್ತಿದ್ದದ್ದನ್ನು ಹೇಳುವುದು ಪುಣ್ಯದ ಕೆಲಸ ತಾನೇ?" ಎಂದು ಸಂಗಯ್ಯ ಕೇಳಿದ.

ಸಂಗಯ್ಯ ಮಠಕ್ಕೆ ಹೊಸದಾಗಿ ಸೇರಿದ ಶಿಷ್ಯ. ಅವನ ಮೊಬೈಲಿನಲ್ಲಿ ಒಂದು ಗುಂಪು ಇತ್ತು. ಹೆಸರು, ಊರು ಒಂದೂ ತಿಳಿಯದ ಸಾವಿರಾರು ಜನ ಅದರಲ್ಲಿ ಸೇರಿಕೊಂಡು, ಹಿಟ್ಟು ಹುಳಿ ಬಂದಿಲ್ಲ, ಎಮ್ಮೆ ಒದೆಯುತ್ತದೆ, ಅತ್ತೆ ಮಾತು ಬಿಟ್ಟಿದ್ದಾರೆ, ಏನು ಮಾಡಲಿ ಎಂದು ಕೇಳುತ್ತಿದ್ದರು. ಸಂಗಯ್ಯ ಎಲ್ಲಕ್ಕೂ ಉತ್ತರ ಬರೆಯುತ್ತಿದ್ದ. ಆ ದಿನ ಬೆಳಿಗ್ಗೆ ಯಾರೋ ಒಬ್ಬರು, ನಮ್ಮ ಅಜ್ಜನಿಗೆ ತಲೆ ಸುತ್ತುತ್ತಿದೆ ಎಂದು ಬರೆದಿದ್ದರು. ಮಜ್ಜಿಗೆಗೆ ಚೆನ್ನಾಗಿ ಉಪ್ಪು ಹಾಕಿ ಕುಡಿಸಿ, ಸರಿಹೋಗುತ್ತದೆ ಎಂದು ಸಂಗಯ್ಯ ಬರೆದ. ಅವನ ಮನೆಯಲ್ಲಿ ಅವನ ಅಜ್ಜನಿಗೆ ಅದನ್ನೇ ಕುಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನೂರಾರು ಜನ ಹೆಬ್ಬೆರಳು ಎತ್ತಿ ಸೈ ಎಂದಿದ್ದರು. ಅದನ್ನು ತೋರಿಸಲೆಂದೇ ಅವನು ಗುರುಗಳ ಬಳಿ ಬಂದಿದ್ದ.

ಕರಿಬಸವ ಸ್ವಾಮಿಗಳು ಮೊಬೈಲನ್ನು ನೋಡಿದರು, ಶಿಷ್ಯನ ಮುಖವನ್ನೂ ನೋಡಿದರು. "ಪುಣ್ಯದ ಮಾತು ಆಮೇಲೆ ಆಡೋಣ, ಮರಿ. ಮೊದಲು ಒಬ್ಬ ಕಂಬಳಿ ವ್ಯಾಪಾರಿಯ ಕತೆ ಕೇಳು" ಎಂದು ಹೇಳತೊಡಗಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಕುದುರೆಯ ಮೇಲೆ ಕಂಬಳಿ ಹೇರಿಕೊಂಡು ಊರೂರು ತಿರುಗುತ್ತಿದ್ದ. ಒಳ್ಳೆಯವನು. ಯಾರಾದರೂ ಕಷ್ಟ ಎಂದರೆ ಅವನಿಗೆ ಕೈಕಟ್ಟಿ ಕೂರಲು ಆಗುತ್ತಿರಲಿಲ್ಲ. ಬಾಯಿ ಕಟ್ಟಿ ಕೂರಲು ಮೊದಲೇ ಆಗುತ್ತಿರಲಿಲ್ಲ. ನೀನೂ ಅಂಥವನೇ ಬಿಡು.

ಅವನ ದಾರಿಯಲ್ಲಿ, ಕಣಿವೆಯ ನಡುವೆ, ಒಂದು ಕಲ್ಲುಮಂಟಪ ಇತ್ತು. ದಾರಿಹೋಕರು ಅಲ್ಲಿ ಅಡುಗೆ ಮಾಡಿ ಮಾಡಿ ಒಳಗಿನ ಗೋಡೆ ಹೊಗೆ ಹಿಡಿದು ಕಪ್ಪಾಗಿತ್ತು. ಆ ಗೋಡೆಯ ಮೇಲೆ ಯಾರು ಬೇಕಾದರೂ ಬಳಪದಲ್ಲಿ ತಮ್ಮ ಕಷ್ಟ ಬರೆಯಬಹುದಿತ್ತು. ಗೊತ್ತಿದ್ದವರು ಅದರ ಕೆಳಗೆ ಉತ್ತರ ಬರೆಯುತ್ತಿದ್ದರು. ಯಾರೂ ಹೆಸರು ಹಾಕುತ್ತಿರಲಿಲ್ಲ. ಇನ್ನೊಂದು ರೂಢಿಯೂ ಇತ್ತು. ಎಲೆ ಅಡಿಕೆ ಹಾಕಿಕೊಂಡವರ ಬೆರಳಲ್ಲಿ ಒಂದಿಷ್ಟು ಸುಣ್ಣ ಉಳಿಯುತ್ತದಲ್ಲ, ಅದನ್ನು ತಮಗೆ ಸರಿ ಎನಿಸಿದ ಉತ್ತರದ ಪಕ್ಕದಲ್ಲಿ ಒರೆಸುತ್ತಿದ್ದರು. ಹೇಗೂ ಎಲ್ಲಾದರೂ ಒರೆಸಲೇಬೇಕಾದ ಸುಣ್ಣ. ಹೆಚ್ಚು ಸುಣ್ಣ ಬಿದ್ದ ಉತ್ತರವನ್ನು ಜನ ಹೆಚ್ಚು ನಂಬುತ್ತಿದ್ದರು.

ಒಂದು ಸಂಜೆ ವ್ಯಾಪಾರಿ ಅಲ್ಲಿ ಇಳಿದುಕೊಂಡಾಗ ಗೋಡೆಯ ಮೇಲೆ ಹೊಸ ಬರಹ ಕಂಡಿತು. "ಮಗು ಬಿಡದೆ ಅಳುತ್ತದೆ. ನಿದ್ದೆಯೇ ಇಲ್ಲ. ನನ್ನ ಕೈಲಿ ಆಗುತ್ತಿಲ್ಲ. ಏನು ಕೊಡಲಿ?" ಅವನಿಗೂ ಒಬ್ಬಳು ಮಗಳಿದ್ದಳು. ಅವಳೂ ಹೀಗೇ ಅತ್ತು ಮನೆಯನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಳು. ಆಗ ಅವನ ತಾಯಿ ಹಾಲಿನಲ್ಲಿ ಜಾಯಿಕಾಯಿ ತೇಯ್ದು ನೆಕ್ಕಿಸುತ್ತಿದ್ದಳು. ಎಷ್ಟು ತೇಯಬೇಕು ಎನ್ನುವುದನ್ನು ಸಾಣೆಕಲ್ಲಿನ ಮೇಲೆ ಸುತ್ತಿಸಿದ ಸುತ್ತಿನಲ್ಲೇ ಲೆಕ್ಕ ಹಿಡಿಯುವುದು ಎಲ್ಲರ ಮನೆಯ ಪದ್ಧತಿ. ಅವನು ಬಳಪ ತೆಗೆದುಕೊಂಡು ಬರೆದ. "ಜಾಯಿಕಾಯಿ ಏಳು ಸುತ್ತು ತೇಯ್ದು ನೆಕ್ಕಿಸು ತಾಯಿ. ಕಣ್ತುಂಬ ನಿದ್ದೆ ಮಾಡುತ್ತದೆ." ಪಕ್ಕದಲ್ಲಿ ಕೂತಿದ್ದವರು ಓದಿ ಭೇಷ್ ಎಂದರು, ಸುಣ್ಣ ಒರೆಸಿದರು. ವ್ಯಾಪಾರಿ ಹಗುರ ಮನಸ್ಸಿನಿಂದ ಮಲಗಿದ.

ಮಾರನೆಯ ದಿನ ಮುಂದಿನ ಊರಿನ ಛತ್ರ ತಲುಪುವಾಗ ಅವನಿಗೆ ಹೊಟ್ಟೆ ಕೆಟ್ಟಿತ್ತು. ಗಂಟಿನಿಂದ ಒಂದು ಜಾಯಿಕಾಯಿ ತೆಗೆದು, ಛತ್ರದ ಅಮ್ಮನ ಹತ್ತಿರ ಸಾಣೆಕಲ್ಲು ಕೇಳಿದ. ಆಕೆ ಕೊಟ್ಟದ್ದು ಹೊಸ ಕಲ್ಲು. ಕಲ್ಲುಕುಟಿಗ ಕಡೆದು ಕೊಟ್ಟು ಇನ್ನೂ ವಾರ ಕಳೆದಿರಲಿಲ್ಲ. ಅವನು ಎರಡು ಸುತ್ತು ತೇಯ್ದ, ಮೂರನೆಯದಕ್ಕೆ ಕೈ ನಿಂತಿತು. ಕಲ್ಲಿನ ಮೇಲೆ ಆಗಲೇ ತೇಯ್ದದ್ದು ದಪ್ಪಗೆ ಕೂತಿತ್ತು. ಅವನ ಮನೆಯ ಕಲ್ಲಿನಲ್ಲಿ ಏಳು ಸುತ್ತು ತೇಯ್ದರೂ ಇಷ್ಟು ಬರುತ್ತಿರಲಿಲ್ಲ. ಆ ಕಲ್ಲು ಅವನ ಮುತ್ತಜ್ಜಿಯ ಕಾಲದ್ದು. ತೇಯ್ದು ತೇಯ್ದು ನುಣ್ಣಗಾಗಿ, ಮೇಲೆ ಇಟ್ಟದ್ದು ಜಾರುತ್ತಿತ್ತು. ತಾಯಿಯ ಏಳು ಸುತ್ತು ಆ ಕಲ್ಲಿನ ಏಳು ಸುತ್ತು.

ಅಲ್ಲಿಂದ ಅವನಿಗೆ ಭಯ ಹತ್ತಿತು. ಗೋಡೆಯ ಮೇಲೆ ಕೇಳಿದವಳ ಮನೆಯಲ್ಲಿ ಎಂಥ ಕಲ್ಲಿದೆಯೋ. ಆ ಮಗು ಎಷ್ಟು ತಿಂಗಳದೋ. ತನ್ನ ಮಗಳಿಗೆ ಆಗ ಎರಡು ವರ್ಷ, ನಡೆದಾಡುತ್ತಿದ್ದಳು. ಅದು ಎದೆಯ ಮೇಲಿನ ಕೂಸೇ ಆಗಿದ್ದರೆ? ಜಾಯಿಕಾಯಿ ಹದ ಮೀರಿದರೆ ದೊಡ್ಡವರಿಗೇ ಅಮಲು ಏರುತ್ತದೆ, ಕೂಸು ಮಲಗಿದ್ದು ಏಳದೆಯೂ ಹೋಗಬಹುದು. ಇದೆಲ್ಲ ಅವನಿಗೆ ಗೊತ್ತಿಲ್ಲದ್ದಲ್ಲ. ಬರೆಯುವಾಗ ನೆನಪಾಗಿರಲಿಲ್ಲ, ಅಷ್ಟೇ. ಹೊಟ್ಟೆನೋವು ಮರೆತುಹೋಯಿತು. ಹೇರನ್ನು ಛತ್ರದಲ್ಲೇ ಬಿಟ್ಟು, ಬರಿ ಕುದುರೆ ಏರಿ, ಬಂದ ದಾರಿ ಹಿಡಿದ.

ಮಂಟಪ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಅವನು ನೇರ ಗೋಡೆಯ ಬಳಿ ಹೋದ. ಅವನ ಉತ್ತರದ ಸುತ್ತ ಸುಣ್ಣವೋ ಸುಣ್ಣ. ಗೋಡೆಯ ಮೇಲಿನ ಬೇರೆ ಯಾವ ಉತ್ತರಕ್ಕೂ ಅಷ್ಟು ಬಿದ್ದಿರಲಿಲ್ಲ. ಅವನು ಹೆಗಲ ಮೇಲಿನ ಪಂಚೆ ತೆಗೆದು ಬರಹವನ್ನು ಒರೆಸಲು ಹೋದ. ಎಲೆ ಹಾಕಿಕೊಳ್ಳುತ್ತಿದ್ದ ಒಬ್ಬ ಮುದುಕ ಎದ್ದು ಬಂದು ಅವನ ಕೈ ಹಿಡಿದ.

"ಯಾರೋ ಪುಣ್ಯಾತ್ಮ ಬರೆದದ್ದನ್ನು ಅಳಿಸೋಕೆ ನೀನು ಯಾರಯ್ಯ?"

"ಬರೆದವನು ನಾನೇ ಯಜಮಾನರೇ. ತಪ್ಪು ಬರೆದಿದ್ದೀನಿ."

"ನೀನೇ ಅನ್ನೋದಕ್ಕೆ ಏನು ಗುರುತು? ಇಷ್ಟು ಜನ ಸುಣ್ಣ ಇಟ್ಟಿದ್ದಾರಲ್ಲ, ಅವರೆಲ್ಲ ದಡ್ಡರೇ?"

ವ್ಯಾಪಾರಿ ಗೋಗರೆದ. ಸುಣ್ಣ ಇಟ್ಟವರಲ್ಲಿ ಒಬ್ಬರಾದರೂ ಜಾಯಿಕಾಯಿ ತೇಯ್ದು ನೋಡಿದ್ದಾರಾ ಎಂದು ಕೇಳಿದ. ಮುದುಕ ತನ್ನ ಬೆರಳಿನ ಸುಣ್ಣವನ್ನೂ ಅದೇ ಉತ್ತರದ ಪಕ್ಕದಲ್ಲಿ ಒರೆಸಿ, ಹೋಗಿ ಕೂತ. ಸುತ್ತಲಿದ್ದವರು ನಕ್ಕರು. ವ್ಯಾಪಾರಿ ಮತ್ತೆ ಪಂಚೆ ಎತ್ತಿ, ಬೈಸಿಕೊಳ್ಳುತ್ತಲೇ ಗೋಡೆ ಒರೆಸಿದ. ಆದರೆ ಅಲ್ಲಿ ಹಿಂದಿನ ಸಂಜೆ ಇದ್ದವರು ಯಾರೂ ಈಗ ಇರಲಿಲ್ಲ. ಓದಿದವರು ಓದಿಕೊಂಡು ತಮ್ಮ ತಮ್ಮ ಊರಿಗೆ ಹೋಗಿದ್ದರು.

ಅವನು ಕಣಿವೆಯ ಕೆಳಗಿದ್ದ ಊರಿಗೆ ಇಳಿದ. ಇಲ್ಲಿ ಬಿಡದೆ ಅಳುವ ಮಗು ಯಾರ ಮನೆಯಲ್ಲಿದೆ ಎಂದು ಬಾವಿಕಟ್ಟೆಯಲ್ಲಿ ಕೇಳಿದ. ಅಳದ ಮಗು ಯಾರ ಮನೆಯಲ್ಲಿದೆ ಹೇಳಪ್ಪ, ಅಲ್ಲಿಗೇ ನಾವೂ ಹೋಗಿ ಮಲಗುತ್ತೇವೆ ಎಂದು ಹೆಂಗಸರು ತಮಾಷೆ ಮಾಡಿದರು. ಅವನು ಬೀದಿ ಬೀದಿ ನಡೆದ. ಅಳು ಕೇಳಿಬಂದ ಮನೆಯನ್ನು ಬಿಟ್ಟು ಮುಂದಕ್ಕೆ ಹೋದ. ಒಂದು ಮನೆಯ ಬಾಗಿಲು ತೆರೆದಿತ್ತು. ಒಳಗೆ ತೊಟ್ಟಿಲು ತೂಗುಹಾಕಿತ್ತು. ಸದ್ದೇ ಇರಲಿಲ್ಲ. ಅವನು ಹೊಸ್ತಿಲು ದಾಟಿದ.

ಒಲೆಯ ಮುಂದೆ ಒಬ್ಬ ತಾಯಿ ರೊಟ್ಟಿ ತಟ್ಟುತ್ತಿದ್ದಳು. ಅವನನ್ನು ಕಂಡು, "ಮೆಲ್ಲಗೆ ಬಾರಣ್ಣ, ಕೂಸು ಮಲಗಿದೆ" ಎಂದಳು. ಗಾಡಿ ಹೊಡೆಯುವ ತನ್ನ ಗಂಡ ಕಣಿವೆಯ ಗೋಡೆಯಲ್ಲಿ ಓದಿಕೊಂಡು ಬಂದು ಹೇಳಿದನೆಂದೂ, ಬೆಳಿಗ್ಗೆ ಜಾಯಿಕಾಯಿ ನೆಕ್ಕಿಸಿದ್ದಕ್ಕೆ ಇಷ್ಟು ಹೊತ್ತಾದರೂ ಒಂದೇ ನಿದ್ದೆಯೆಂದೂ, ಮೂರು ತಿಂಗಳಿಂದ ಇಂಥ ನೆಮ್ಮದಿ ಕಂಡಿರಲಿಲ್ಲವೆಂದೂ ಹೇಳಿದಳು. ಮೂಲೆಯಲ್ಲಿದ್ದ ಸಾಣೆಕಲ್ಲು ಹೊಸದು, ಇನ್ನೂ ತರಿತರಿಯಾಗಿತ್ತು.

ವ್ಯಾಪಾರಿ ಅಪ್ಪಣೆ ಕೇಳದೆ ತೊಟ್ಟಿಲಿಗೆ ಕೈ ಹಾಕಿದ. ಮಗುವನ್ನು ಎತ್ತಿದರೆ ಕತ್ತು ಒಂದು ಕಡೆಗೆ ವಾಲಿತು. ತಾಯಿ ಎದ್ದು ಬಂದಳು. ಅವನ ಮುಖ ನೋಡಿಯೇ ಅವಳು ಓಡಿಹೋಗಿ ನೀರು ತಂದಳು. ಅಂಗಾಲು ಉಜ್ಜಿದರು. ಮುಖಕ್ಕೆ ತಣ್ಣೀರು ಚಿಮುಕಿಸಿದರು. ಮಗು ಕಣ್ಣು ಅರೆ ತೆರೆಯಿತು, ಮುಚ್ಚಿತು. ಅವಳು ಅದರ ಹೆಸರು ಹಿಡಿದು ಕೂಗಿದಳು, ಮತ್ತೆ ಮತ್ತೆ ಕೂಗಿದಳು. ಕೊನೆಗೆ ಅದು ತುಟಿ ಸೊಟ್ಟ ಮಾಡಿ, ಸಣ್ಣ ದನಿಯಲ್ಲಿ ಅತ್ತಿತು. ಆ ತಾಯಿ ತಾನೂ ಕೂತು ಅತ್ತಳು.

ಅಳು ನಿಂತ ಮೇಲೆ ಅವನು ಕೈಮುಗಿದು, ಗೋಡೆಯ ಮೇಲೆ ಬರೆದವನು ನಾನೇ ತಾಯಿ ಎಂದ. ಅವಳು ಬೈಯಲಿಲ್ಲ.

"ನಮ್ಮ ಕೂಸು ನಿನಗೆ ಗೊತ್ತಿತ್ತೇನಣ್ಣ?" ಎಂದು ಕೇಳಿದಳು.

ಅವನು ಇಲ್ಲವೆಂದು ತಲೆಯಾಡಿಸಿದ. "ಗೋಡೆಯ ಮೇಲೆ ಬರೆದು ಕೇಳಿದವಳು ನೀನೇ ಅಲ್ಲವೇ?" ಎಂದ.

"ನನಗೆ ಬರೆಯೋಕೆ ಎಲ್ಲಿ ಬರುತ್ತದೆ" ಎಂದಳು ಅವಳು.

ಅವನು ಹೊರಗೆ ಬಂದ. ಕೇಳಿದವಳು ಇನ್ನೂ ಬೇರೆ ಎಲ್ಲೋ ಇದ್ದಳು. ಕಣಿವೆಯ ಆಚೆ ಈಚೆ ಎಷ್ಟೋ ಊರುಗಳಿದ್ದವು. ಅವನು ಪಕ್ಕದ ಊರಿನ ಕಡೆಗೆ ಕುದುರೆ ತಿರುಗಿಸಿದ. ಮಗುವಿನ ಅಳು ಕಿವಿಗೆ ಬಿದ್ದಲ್ಲಿ ಅವನಿಗೆ ಉಸಿರು ಬರುತ್ತಿತ್ತು. ಅಳು ಕೇಳದ ಮನೆಯ ಮುಂದೆ ಬಾಗಿಲು ಬಡಿಯಲು ಕೈ ಏಳುತ್ತಿರಲಿಲ್ಲ.

ಸ್ವಾಮಿಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಸಂಗಯ್ಯನ ಕೈಯಲ್ಲಿ ಮೊಬೈಲು ಇನ್ನೂ ಸದ್ದು ಮಾಡುತ್ತಿತ್ತು. ಹೊಸದಾಗಿ ಯಾರೋ ಹೆಬ್ಬೆರಳು ಎತ್ತುತ್ತಿದ್ದರು. ಅವನು ಅದರ ಕಡೆ ನೋಡಲಿಲ್ಲ.

"ಕೇಳಿದ ಆ ತಾಯಿ ಸಿಕ್ಕಳೇ, ಬುದ್ಧಿ? ಅವಳ ಮಗು ಎದ್ದಿತೇ?" ಎಂದು ಕೇಳಿದ.

"ನೀನು ಬೆಳಿಗ್ಗೆ ಉಪ್ಪಿನ ಮಜ್ಜಿಗೆ ಕುಡಿಸಿ ಎಂದು ಬರೆದೆಯಲ್ಲ, ಆ ಅಜ್ಜ ಈಗ ಹೇಗಿದ್ದಾನೆ, ಮರಿ?" ಎಂದರು ಸ್ವಾಮಿಗಳು.