ಲಡಿ ಹಿಡಿದು ಕೂತ ಅಪ್ಪ

ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮ. ಅಲ್ಲಿ ಹೊನ್ನಾಂಬೆ ಎಂಬ ವೃದ್ಧೆ ನೂಲು ಸುತ್ತುತ್ತ, ಬಂದವರ ಮಾತು ಕೇಳುತ್ತ ಇರುತ್ತಿದ್ದರು.

ಅವರ ಶಿಷ್ಯ ಮರುಳಪ್ಪ. ಹೆಂಡತಿ ತೀರಿಕೊಂಡ ಮೇಲೆ ಮಗಳು ಶಾಂಭವಿಯನ್ನು ಒಬ್ಬನೇ ಸಾಕುತ್ತಿದ್ದ. ಅವಳಿಗೆ ಒಂಬತ್ತು ವರ್ಷ. ಕೂಸಾಗಿದ್ದಾಗ ಬಂದ ಜ್ವರದಿಂದ ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ.

ಒಂದು ದಿನ ಮರುಳಪ್ಪ ಆಶ್ರಮಕ್ಕೆ ಬಂದು ಗುರುವಿನ ಮುಂದೆ ಕುಸಿದು ಕೂತ.

"ತಾಯಿ, ಅವಳ ಜಡೆ ನಾನೇ ಹೆಣೆಯಬೇಕು. ಲಂಗದ ಲಾಡಿ ನಾನೇ ಕಟ್ಟಬೇಕು. ತಟ್ಟೆಗೆ ಬಡಿಸಿ, ಕಲಸಿಯೂ ಕೊಡಬೇಕು. ನಾನಿಲ್ಲದ ದಿನ ಅವಳ ಗತಿಯೇನು? ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟಾದರೆ ಸಾಕು. ನನಗೆ ಬೇರೆ ಆಸೆಯಿಲ್ಲ."

"ಕಲಿಸಲಿಲ್ಲವೇ?"

"ಕಲಿಸಲು ಕೂರುತ್ತೇನೆ. ಅವಳು ಒದ್ದಾಡುವುದನ್ನು ನೋಡಲಾಗುವುದಿಲ್ಲ. ನನ್ನ ಕೈ ತಾನಾಗಿ ಮುಂದೆ ಹೋಗಿಬಿಡುತ್ತದೆ."

ಹೊನ್ನಾಂಬೆ ಅವನ ಕೈಗಳನ್ನೇ ನೋಡಿದರು. "ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ" ಅಂದರು.

ಬೆಳಿಗ್ಗೆ ಬಂದವರು ನಡುಮನೆಯಲ್ಲಿ ಕೂತು, ಚೀಲದಿಂದ ನೂಲಿನ ದಪ್ಪ ಲಡಿಯೊಂದನ್ನು ತೆಗೆದರು.

"ಎರಡೂ ಕೈ ಚಾಚು ಮರುಳಪ್ಪ."

ಚಾಚಿದ. ಲಡಿಯನ್ನು ಅವನ ಎರಡೂ ಮುಂಗೈಗೆ ತೊಡಿಸಿ, ಎಳೆಯ ತುದಿ ಹಿಡಿದು ಉಂಡೆ ಸುತ್ತತೊಡಗಿದರು.

"ಮುಗಿಯುವ ತನಕ ಕೈ ಇಳಿಸಬೇಡ. ಶಾಂಭವಿ, ನನಗೆ ಹಸಿವಾಗಿದೆಯಮ್ಮ. ಏನಾದರೂ ಮಾಡಿಕೊಡುತ್ತೀಯಾ?"

"ಅವಳಿಗೆ ಬರುವುದಿಲ್ಲ ತಾಯಿ, ನಾನು..."

"ನಿನ್ನನ್ನು ಕೇಳಲಿಲ್ಲ."

ಶಾಂಭವಿ ಅಪ್ಪನ ಮುಖ ನೋಡಿದಳು. ಬಿಚ್ಚುಗೂದಲು ಕಣ್ಣಿಗೆ ಬೀಳುತ್ತಿತ್ತು. ರಿಬ್ಬನ್ನಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಎಳೆದು, ಹೇಗೋ ಗಂಟು ಹಾಕಿಕೊಂಡಳು. ಗಂಟು ಕಿವಿಯ ಮೇಲೆ ಬಂದಿತ್ತು. ಹಾಗೆಯೇ ಅಡುಗೆಮನೆಗೆ ಹೋದಳು.

ಬಾಗಿಲಿನಿಂದ ಎಲ್ಲವೂ ಕಾಣುತ್ತಿತ್ತು. ಅವಲಕ್ಕಿ ತೊಳೆದಳು. ಮೊಸರಿನ ಗಡಿಗೆ ಬಗ್ಗಿಸುವಾಗ ಅರ್ಧ ನೆಲಕ್ಕೆ ಚೆಲ್ಲಿತು.

ಮರುಳಪ್ಪ ಧಡಕ್ಕನೆ ಎದ್ದ. ನೂಲು ಎಳೆದುಕೊಂಡು ಸಿಕ್ಕಾಯಿತು.

"ಕೂತುಕೋ" ಅಂದರು ಹೊನ್ನಾಂಬೆ. "ಇನ್ನು ಇದಕ್ಕೂ ಹೊತ್ತು ಹಿಡಿಯುತ್ತದೆ." ಒಂದೊಂದೇ ಎಳೆ ಬಿಡಿಸುತ್ತ ಕೂತರು.

ಶಾಂಭವಿ ಬಟ್ಟೆ ತಂದು ನೆಲ ಒರೆಸಿದಳು. ಆಮೇಲೆ ಉಪ್ಪಿನಕಾಯಿಯ ಬಾಟಲಿಯನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು, ಎಡಗೈಯಲ್ಲಿ ಮುಚ್ಚಳ ತಿರುಗಿಸಿ ತೆಗೆದಳು. ಒಂದು ಸಲಕ್ಕೇ ಬಂತು.

ಮರುಳಪ್ಪ ಬೆರಗಾದ. "ಇದನ್ನು ಯಾವಾಗ ಕಲಿತೆ?"

"ನೀನು ಹೊಲಕ್ಕೆ ಹೋದಾಗ."

"ನನಗ್ಯಾಕೆ ಹೇಳಲಿಲ್ಲ?"

ಅವಳು ತಲೆ ತಗ್ಗಿಸಿದಳು. "ನನಗೆ ಮಾಡಿಕೊಡುವಾಗ ಮಾತ್ರ ನೀನು ನಗುತ್ತೀಯ ಅಪ್ಪ. ಅಮ್ಮ ಹೋದ ಮೇಲೆ ಬೇರೆ ಯಾವಾಗಲೂ ನಗುವುದಿಲ್ಲ."

ಮರುಳಪ್ಪನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಶಾಂಭವಿ ಹತ್ತಿರ ಬಂದು, ಮಡಚಲಾರದ ಬೆರಳುಗಳಿಂದಲೇ ಅವನ ಕೆನ್ನೆ ಒರೆಸಿದಳು. ಅಳುತ್ತಿದ್ದವನಿಗೆ ನಗು ಬಂತು.

ಲಡಿ ಮುಗಿಯಿತು. ಶಾಂಭವಿ ಮೊಸರವಲಕ್ಕಿಯ ಮೂರು ತಟ್ಟೆ ಒಂದೊಂದಾಗಿ ತಂದಿಟ್ಟು, ನೀರು ತರಲು ಒಳಗೆ ಹೋದಳು.

"ತಾಯಿ, ಜೀವ ಹಗುರಾಯಿತು" ಅಂದ ಮರುಳಪ್ಪ. "ಆದರೆ ಇನ್ನು ಮೇಲೆ ಅವಳಿಗೆ ನಾನು ಏನು ಮಾಡಿಕೊಡಲಿ?"

ಹೊನ್ನಾಂಬೆ ಒಂದು ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದರು.

"ಮೊದಲು ತಿನ್ನು. ಉಪ್ಪು ಕಡಿಮೆಯಾಗಿದ್ದರೆ ಅವಳಿಗೆ ಹೇಳು. ನೀನು ಏಳಬೇಡ."