ರಾಹುಕಾಲಕ್ಕೆ ಮುಂಚೆ ಹೊರಟ ಫೋಟೊ

ದಾವಣಗೆರೆಯ ಕೊಟ್ರಬಸಪ್ಪನವರ ಊದುಬತ್ತಿ ಅಂಗಡಿಯ ಕಂಪ್ಯೂಟರ್ ಇವತ್ತೋ ನಾಳೆಯೋ ಅನ್ನುವಂತಿತ್ತು. ಅದರಲ್ಲಿದ್ದ ಗಿರಾಕಿಗಳ ವಿಳಾಸ, ಆರ್ಡರು ಎಲ್ಲವನ್ನೂ ಕ್ಲೌಡಿಗೆ ಕಳಿಸಲು ಕ್ಲರ್ಕಮ್ಮ ಕೂತಳು. ಇಡೀ ದಿನದ ಕೆಲಸ.

ಯಜಮಾನರು ಮೇಜು ಗುದ್ದಿದರು. "ರಾಹುಕಾಲದಲ್ಲಿ ನನ್ನ ಅಂಗಡಿಯಿಂದ ಒಂದಕ್ಷರವೂ ಹೊರಗೆ ಹೋಗಕೂಡದು!"

ರಾಹುಕಾಲವೋ ದಿನವೂ ಬರುತ್ತದೆ; ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಕಂಪ್ಯೂಟರ್ ಇನ್ನೊಂದು ದಿನ ಬಾಳುವ ನಂಬಿಕೆ ಇರಲಿಲ್ಲ.

"ಸಾರ್, ನೀವು ಕಾಶಿಗೆ ಹೋಗುವಾಗ ರೈಲು ರಾಹುಕಾಲದಲ್ಲೇ ಇತ್ತಲ್ಲ, ಏನು ಮಾಡಿದ್ರಿ?" ಎಂದು ಕ್ಲರ್ಕಮ್ಮ ನಯವಾಗಿ ಕೇಳಿದಳು.

"ಒಳ್ಳೆ ಹೊತ್ತು ನೋಡಿ ಬ್ಯಾಗನ್ನ ಮೊದಲೇ ಪಕ್ಕದ ಮನೇಲಿಟ್ಟೆ. ಬ್ಯಾಗು ಹೊರಟರೆ ನಾನೂ ಹೊರಟ ಹಾಗೇ ಲೆಕ್ಕ."

"ಈಗ ಒಳ್ಳೆ ಹೊತ್ತಿದೆ ಸಾರ್. ಮೊದಲು ನಿಮ್ಮ ಫೋಟೊ ಕಳಿಸ್ತೀನಿ. ಮಿಕ್ಕಿದ್ದು ಯಾವಾಗ ಹೋದ್ರೂ ಈಗಲೇ ಹೊರಟ ಹಾಗೆ."

ಯಜಮಾನರ ಮುಖ ಅರಳಿತು. "ಶಾಲು ಹೊದ್ದಿರೋ ಫೋಟೊ ಕಳಿಸಮ್ಮ!"

ಸಂಜೆಗೆ ಎಲ್ಲವೂ ಕ್ಷೇಮವಾಗಿ ತಲುಪಿತು. ಮರುದಿನ ಕಂಪ್ಯೂಟರ್ ಕಣ್ಣು ಮುಚ್ಚಿತು.

ಶುಕ್ರವಾರ ಅವಳು ತವರಿಗೆ ಹೋಗಲು ರಜೆ ಕೇಳಿದಳು.

"ರಾಹುಕಾಲ ಶುರುವಾಯ್ತು, ಈಗೆಲ್ಲಿ ಹೊರಡ್ತೀಯಮ್ಮ? ಕೂತು ಕೆಲಸ ಮಾಡು," ಎಂದರು ಯಜಮಾನರು.

"ನಾನು ಬೆಳಿಗ್ಗೇನೇ ಹೊರಟಾಯ್ತು ಸಾರ್," ಎಂದಳು ಕ್ಲರ್ಕಮ್ಮ. "ನನ್ನ ಬ್ಯಾಗು ಪಕ್ಕದ ಬೆಣ್ಣೆದೋಸೆ ಹೋಟೆಲಿನಲ್ಲಿದೆ."